ಘೋಷಣೆ ಬಿಟ್ಟು ಸಾಲು ಹಿಡಿದೆವು

ವಿಶ್ವಸಂಸ್ಥೆಯಲ್ಲಿ ವಲಸೆಯ ಬಗ್ಗೆ ಮಾತುಕತೆ ನಡೆಯುವಾಗ ನಮ್ಮಂಥ ಸರ್ಕಾರೇತರ ಸಂಘಟನೆಗಳಿಗೆ ಅಲ್ಲೇನು ಕೆಲಸ ಅಂತ ತುಂಬಾ ಜನ ಕೇಳುತ್ತಾರೆ. ಬಾಗಿಲ ಹೊರಗೆ ಬಾವುಟ ಹಿಡಿದು ಕೂಗುತ್ತೇವೆ ಅಂದುಕೊಂಡವರೇ ಜಾಸ್ತಿ. ನಿಜ ಹೇಳಬೇಕೆಂದರೆ, ನಮ್ಮ ಸಮಯದ ಬಹುಪಾಲು ಹೋದದ್ದು ನಮ್ಮೊಳಗಿನ ವಾದದಲ್ಲಿ.

ಇದು ವಿಶ್ವಸಂಸ್ಥೆಯ ಜಾಗತಿಕ ವಲಸೆ ಒಪ್ಪಂದ ರೂಪುಗೊಂಡ ಕಾಲದ ಮಾತು. 2016ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕ್ ಘೋಷಣೆ ಆಯಿತು, ಇಂಥದೊಂದು ಒಪ್ಪಂದ ಮಾಡಿಕೊಳ್ಳೋಣ ಅಂತ ದೇಶಗಳು ಒಪ್ಪಿದ್ದು ಅದರಲ್ಲೇ. 2018ರ ಫೆಬ್ರವರಿಯಲ್ಲಿ ಒಪ್ಪಂದದ ಮೊದಲ ಕರಡು ಕೈಗೆ ಬಂತು. ಅಲ್ಲಿಂದ ಜುಲೈವರೆಗೆ ತಿಂಗಳಿಗೊಂದು ಸುತ್ತಿನಂತೆ ಸರ್ಕಾರಗಳು ನ್ಯೂಯಾರ್ಕ್‌ನಲ್ಲಿ ಕೂತು ಅದನ್ನು ತಿದ್ದಿದವು. ಮೆಕ್ಸಿಕೊ ಮತ್ತು ಸ್ವಿಟ್ಜರ್ಲೆಂಡ್‌ನ ರಾಯಭಾರಿಗಳ ಕೈಯಲ್ಲಿ ಪೆನ್ನು. ಅಮೆರಿಕ 2017ರ ಡಿಸೆಂಬರ್‌ನಲ್ಲೇ ಎದ್ದು ಹೋಗಿತ್ತು. ನಾನು ವಲಸೆ ಕಾರ್ಮಿಕರ ಸಂಘಟನೆಯೊಂದರ ಪರವಾಗಿ, ಹಲವು ದೇಶಗಳ ಗುಂಪುಗಳು ಸೇರಿದ ಒಕ್ಕೂಟದಲ್ಲಿ ಕರಡು ನೋಡುವ ತಂಡದಲ್ಲಿದ್ದೆ.

ಒಕ್ಕೂಟ ಅಂದರೆ ಒಂದೇ ದನಿ ಅಂತ ಅಲ್ಲ. ತಾತ್ಕಾಲಿಕ ವೀಸಾ ಕೊಟ್ಟು ಕೆಲಸಕ್ಕೆ ಕರೆಸಿಕೊಳ್ಳುವ ಯೋಜನೆಗಳನ್ನು ಕಾರ್ಮಿಕ ಸಂಘಗಳು ಸುತರಾಂ ಒಪ್ಪುತ್ತಿರಲಿಲ್ಲ. ಅದು ಕಾರ್ಮಿಕನನ್ನು ಒಬ್ಬ ಮಾಲೀಕನಿಗೆ ಕಟ್ಟಿಹಾಕುವ ವ್ಯವಸ್ಥೆ ಅನ್ನುವುದು ಅವರ ವಾದ. ಹೊರದೇಶದಲ್ಲಿ ನೆಲೆಸಿದವರ ಸಂಘಗಳಿಗೆ ಅದೇ ಯೋಜನೆ ಕಾನೂನುಬದ್ಧ ದಾರಿಯಾಗಿ ಕಾಣುತ್ತಿತ್ತು. ಯುರೋಪಿನ ಗುಂಪುಗಳಿಗೆ ಬಂಧನ ಕೇಂದ್ರಗಳೇ ದೊಡ್ಡ ವಿಷಯ. ಏಷ್ಯಾದವರಿಗೆ ನೇಮಕಾತಿ ಏಜೆಂಟರು ಕೀಳುವ ಶುಲ್ಕ. ಇನ್ನು ಕೆಲವರು ಈ ಸರ್ಕಾರಿ ವೇದಿಕೆಗಳ ಹತ್ತಿರವೇ ಸುಳಿಯಬಾರದು ಅನ್ನುವವರು. ಸರ್ಕಾರಗಳ ವಲಸೆ ವೇದಿಕೆ 2007ರಲ್ಲಿ ಬ್ರಸೆಲ್ಸ್‌ನಲ್ಲಿ ಶುರುವಾದಾಗಿನಿಂದ ಅದರ ಪಕ್ಕದಲ್ಲೇ ತಮ್ಮದೇ ಜನಸಭೆ ನಡೆಸಿಕೊಂಡು ಬಂದವರು ಅವರು. ಅವರ ಅನುಮಾನ ಸುಮ್ನೆ ಬಂದದ್ದಲ್ಲ. ಆ ವೇದಿಕೆ ವಿಶ್ವಸಂಸ್ಥೆಯ ಹೊರಗಿನದು, ಅದರ ತೀರ್ಮಾನ ಯಾರನ್ನೂ ಕಟ್ಟಿಹಾಕುವುದಿಲ್ಲ.

ಈ ಗದ್ದಲಕ್ಕೆ ನಾವು ಹುಡುಕಿಕೊಂಡ ದಾರಿ ಸರಳವಾಗಿತ್ತು. ಪ್ರತಿ ಗುಂಪೂ ಎರಡು ವಿಷಯ ಬರೆದುಕೊಡಬೇಕು. ಯಾವುದನ್ನು ಸತ್ತರೂ ಬಿಡುವುದಿಲ್ಲ, ಯಾವುದರ ಬಗ್ಗೆ ಬೇರೆಯವರು ಮಾತಾಡಿದರೆ ಸುಮ್ಮನಿರುತ್ತೇವೆ. ಎರಡನೆಯದೇ ನಮ್ಮನ್ನು ಉಳಿಸಿತು. ಎಲ್ಲರೂ ಎಲ್ಲದಕ್ಕೂ ಸಹಿ ಹಾಕಬೇಕು ಅಂತ ಕೂತಿದ್ದರೆ ಕೊನೆಗೆ ಉಳಿಯುತ್ತಿದ್ದದ್ದು ಯಾರಿಗೂ ಬೇಡದ ನಾಲ್ಕು ಒಳ್ಳೆಯ ಮಾತು.

ಆಮೇಲೆ ಘೋಷಣೆ ಬಿಟ್ಟು ಸಾಲು ಹಿಡಿದೆವು. ದೊಡ್ಡ ಕೋಷ್ಟಕ. ಎಡಕ್ಕೆ ಕರಡಿನ ಸಾಲು, ಮಧ್ಯೆ ನಾವು ಬಯಸುವ ಸಾಲು, ಬಲಕ್ಕೆ ಅದಕ್ಕೆ ಆಧಾರ. ಸರ್ಕಾರಗಳು ಈಗಾಗಲೇ ಒಪ್ಪಿದ ಯಾವ ಒಡಂಬಡಿಕೆಯಲ್ಲಿ ಈ ಮಾತಿದೆ ಅನ್ನುವುದು ಆ ಬಲಗಡೆಯ ಅಂಕಣ. ‘ಮಾನವೀಯವಾಗಿ ನಡೆಸಿಕೊಳ್ಳಿ’ ಅಂದರೆ ರಾಜತಾಂತ್ರಿಕರು ತಲೆಯಾಡಿಸಿ ಮುಂದೆ ಹೋಗುತ್ತಾರೆ. ‘ಮಕ್ಕಳ ಹಕ್ಕುಗಳ ಒಡಂಬಡಿಕೆಗೆ ನಿಮ್ಮ ದೇಶ ಸಹಿ ಹಾಕಿದೆ, ಈ ಪದ ಅಲ್ಲಿಯದೇ’ ಅಂದರೆ ನಿಲ್ಲುತ್ತಾರೆ.

ಮಕ್ಕಳ ಬಂಧನದ ಸಾಲನ್ನೇ ತಗೊಳ್ಳಿ. ವಲಸೆ ಬಂದರೆಂಬ ಕಾರಣಕ್ಕೆ ಮಕ್ಕಳನ್ನು ಕೂಡಿಹಾಕುವುದನ್ನು ನಿಲ್ಲಿಸಬೇಕು, ಅಷ್ಟೇ ನಮ್ಮ ಬೇಡಿಕೆ. ಹಲವು ಸರ್ಕಾರಗಳಿಗೆ ಇದು ಗಂಟಲಲ್ಲಿ ಇಳಿಯಲಿಲ್ಲ. ಒಪ್ಪಂದದ 23 ಗುರಿಗಳ ಪೈಕಿ 13ನೆಯದರಲ್ಲಿ ಕೊನೆಗೆ ಉಳಿದದ್ದು, ಆ ಪದ್ಧತಿಯನ್ನು ಕೊನೆಗಾಣಿಸುವತ್ತ ಕೆಲಸ ಮಾಡುತ್ತೇವೆ ಅನ್ನುವ ಮಾತು. ಆಸ್ಪತ್ರೆ, ಶಾಲೆಗಳಿಂದ ವಲಸೆ ಇಲಾಖೆಗೆ ಮಾಹಿತಿ ಹೋಗದಂತೆ ಗಟ್ಟಿ ಗೋಡೆ ಬೇಕು ಅಂತಲೂ ಕೇಳಿದ್ದೆವು. 15ನೇ ಗುರಿಯಲ್ಲಿ ಅದು ಮೆತ್ತಗಾಯಿತು. ಇಲಾಖೆಗಳ ನಡುವಿನ ಸಹಕಾರ ದಾಖಲೆಯಿಲ್ಲದ ವಲಸಿಗರನ್ನು ಇನ್ನಷ್ಟು ಕಷ್ಟಕ್ಕೆ ತಳ್ಳಬಾರದು ಅನ್ನುವಷ್ಟಕ್ಕೆ ನಿಂತಿತು. ಆದರೆ 6ನೇ ಗುರಿಯಲ್ಲಿ ಏಷ್ಯಾದ ಗೆಳೆಯರ ಹಟ ಫಲ ಕೊಟ್ಟಿತು. ನೇಮಕಾತಿ ಶುಲ್ಕವನ್ನು ಕಾರ್ಮಿಕನ ತಲೆಗೆ ಕಟ್ಟುವುದನ್ನು ನಿಷೇಧಿಸಬೇಕು ಎಂದು ಸ್ಪಷ್ಟವಾಗಿಯೇ ಬಂತು. ನನ್ನ ಲೆಕ್ಕದಲ್ಲಿ ಇಡೀ ಒಪ್ಪಂದದಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬರುವ ಸಾಲು ಅದು.

ನ್ಯೂಯಾರ್ಕ್‌ನಲ್ಲಿ ಓಡಾಡಿದ್ದಕ್ಕಿಂತ ರಾಜಧಾನಿಗಳಲ್ಲಿ ಓಡಾಡಿದ್ದು ಜಾಸ್ತಿ ಫಲ ಕೊಟ್ಟಿತು. ಸಭಾಂಗಣದಲ್ಲಿ ಕೂತ ರಾಜತಾಂತ್ರಿಕನಿಗೆ ಸೂಚನೆ ಬರುವುದು ಅವನ ದೇಶದಿಂದ. ವಲಸೆಯ ವಿಷಯದಲ್ಲಿ ಆ ಸೂಚನೆ ಬರೆಯುವವರು ಎಷ್ಟೋ ಕಡೆ ಗೃಹ ಇಲಾಖೆಯವರು, ವಿದೇಶಾಂಗದವರಲ್ಲ. ಆದ್ದರಿಂದ ನಮ್ಮ ಒಕ್ಕೂಟದ ಸ್ಥಳೀಯ ಗುಂಪುಗಳಿಗೆ ಕೋಷ್ಟಕದ ಎರಡೋ ಮೂರೋ ಸಾಲು ಮಾತ್ರ ಕೊಟ್ಟು, ಕಾರ್ಮಿಕ ಇಲಾಖೆಗೂ ಗೃಹ ಇಲಾಖೆಗೂ ಹೋಗಿ ಅಂದೆವು. ನ್ಯೂಯಾರ್ಕ್‌ನಲ್ಲಿ ನಾವು ಮಾಡಿದ್ದು ಇಷ್ಟೇ. ಕೆಳಮಹಡಿಯ ಕಾಫಿ ಜಾಗದಲ್ಲಿ ಕಾದು, ‘ನಿಮ್ಮ ಸೂಚನೆ ಬಂತಾ’ ಅಂತ ಕೇಳುವುದು.

ತಮಾಷೆಯೋ ದುರಂತವೋ, ವಲಸಿಗರ ಬಗ್ಗೆ ನಡೆಯುವ ಸಭೆಗೆ ವಲಸಿಗರಿಗೇ ವೀಸಾ ಸಿಗುತ್ತಿರಲಿಲ್ಲ. ಮನೆಗೆಲಸದ ಮಹಿಳೆಯೊಬ್ಬರು ಮಾತಾಡಲು ತಯಾರಾಗಿದ್ದರು. ವೀಸಾ ಬರಲಿಲ್ಲ. ಅವರ ಮಾತನ್ನು ಓದಿ ಹೇಳಲು ನಮ್ಮ ತಂಡದ ಇನ್ನೊಬ್ಬರು ನಿಲ್ಲಬೇಕಾಯಿತು. ಇಂಥ ಸಭೆಗೆ ತಯಾರಿ ಮಾಡುವವರು ಪ್ರಯಾಣ ಮಾಡಬೇಕಾದವರ ವೀಸಾ ಅರ್ಜಿಯನ್ನು ಎಲ್ಲಕ್ಕಿಂತ ಮೊದಲು ಹಾಕಿಸಬೇಕು, ಭಾಷಣ ಬರೆಯುವುದು ಆಮೇಲೆ.

ಜುಲೈ 13ರಂದು ಪಠ್ಯ ಅಂತಿಮವಾಯಿತು. ಡಿಸೆಂಬರ್‌ನಲ್ಲಿ ಮೊರಾಕ್ಕೊದ ಮರಾಕೇಶ್‌ನಲ್ಲಿ ಅಂಗೀಕಾರ. ಅದೇ ತಿಂಗಳ 19ರಂದು ವಿಶ್ವಸಂಸ್ಥೆಯ ಸಾಮಾನ್ಯ ಸಭೆಯಲ್ಲಿ 152 ದೇಶಗಳು ಪರ, 5 ವಿರುದ್ಧ, 12 ತಟಸ್ಥ. ಒಟ್ಟು 23 ಗುರಿಗಳು, ಒಂದಕ್ಕೂ ಕಾನೂನಿನ ಬಲವಿಲ್ಲ. ಹಾಗಾದರೆ ಇಷ್ಟೆಲ್ಲ ಯಾಕೆ ಅಂತ ಕೇಳುವುದು ಸಹಜ, ಅಲ್ವಾ? ನಮ್ಮ ಜನಸಭೆಯ ಗೆಳೆಯರು ಇವತ್ತಿಗೂ ಅದನ್ನೇ ಕೇಳುತ್ತಾರೆ. ಅರ್ಧ ಸರಿ ಅವರು.

ಉಳಿದರ್ಧ ನನಗೆ ಗೊತ್ತಾಗಿದ್ದು 2022ರ ಮೇ ತಿಂಗಳಲ್ಲಿ, ನ್ಯೂಯಾರ್ಕ್‌ನಲ್ಲಿ ಮೊದಲ ಪರಿಶೀಲನಾ ಸಭೆ ನಡೆದಾಗ. ನಾಲ್ಕು ವರ್ಷಕ್ಕೊಮ್ಮೆ ಸರ್ಕಾರಗಳು ಬಂದು ತಾವೇನು ಮಾಡಿದೆವು ಅಂತ ಹೇಳುವ ಸಭೆ ಅದು. ಸರ್ಕಾರವೇ ಒಪ್ಪಿದ ಸಾಲನ್ನು ಅದರ ಮುಂದೆ ಹಿಡಿದಾಗ ಉತ್ತರ ಕೊಡದೆ ಜಾರಿಕೊಳ್ಳುವುದು ಕಷ್ಟ. ಶುಲ್ಕದ ಪ್ರಶ್ನೆಯಲ್ಲಿ ನಾವು ಆ 6ನೇ ಗುರಿಯನ್ನು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ನಿಯಮಗಳ ಜೊತೆ ಸೇರಿಸಿಯೇ ಬಳಸುತ್ತೇವೆ. ಒಂಟಿಯಾಗಿ ಹಿಡಿದರೆ ‘ಇದು ಐಚ್ಛಿಕ’ ಅಂದುಬಿಡುತ್ತಾರೆ.

ಹೊಸದಾಗಿ ಈ ಕೆಲಸಕ್ಕೆ ಬರುವ ಗುಂಪುಗಳು ನ್ಯೂಯಾರ್ಕ್ ಟಿಕೆಟ್‌ಗೆ ದುಡ್ಡು ಹುಡುಕುವ ಮುಂಚೆ ತಮ್ಮ ಸರ್ಕಾರ ಹಿಂದಿನ ಪರಿಶೀಲನೆಗೆ ಸ್ವಯಂಪ್ರೇರಿತ ವರದಿ ಕೊಟ್ಟಿದೆಯೇ ನೋಡಲಿ. ಕೊಟ್ಟಿದ್ದರೆ ಅದನ್ನು 23 ಗುರಿಗಳ ಪಕ್ಕ ಇಟ್ಟು ಓದಲಿ. ಯಾವ ಗುರಿಯ ಬಗ್ಗೆ ಒಂದು ಸಾಲೂ ಇಲ್ಲವೋ, ಮೊದಲ ಪತ್ರವನ್ನು ಅದರ ಬಗ್ಗೆಯೇ ಬರೆಯಲಿ.