ಹೊಸ ಕರಾಟೆ ಸ್ಟೈಲ್‌ಗೆ ಮಾನ್ಯತೆ ಸಿಗೋದ್ ಹೇಗೆ? ಹೆಸ್ರು ಕೊನೆಗಿರ್ಲಿ

ಸ್ವಂತ ಸ್ಟೈಲ್ ಶುರು ಮಾಡ್ಬೇಕು ಅನ್ನೋರು ಮೊದ್ಲು ಹೆಸ್ರು ಇಡ್ತಾರೆ, ಆಮೇಲೆ ಲೋಗೊ, ಬೆಲ್ಟು, ಸರ್ಟಿಫಿಕೇಟು. ನನ್ ಪ್ರಕಾರ ಇದು ಪೂರ್ತಿ ಉಲ್ಟಾ. ಓಕಿನಾವಾ ದ್ವೀಪದ ವಿದ್ಯೆನ ಇಡೀ ಜಪಾನು ಕರಾಟೆ ಅಂತ ಒಪ್ಕೊಂಡಿದ್ದು ಹೇಗೆ ಅಂತ ನೋಡಿದ್ರೆ ದಾರಿ ಗೊತ್ತಾಗತ್ತೆ.

ಮೊದಲ್ನೇ ಕೆಲ್ಸ, ಮಕ್ಕಳಿಗೂ ಕಲಿಸೋ ಹಾಗೆ ಮಾಡಿ. ಗುಟ್ಟಾಗಿ ನಾಲ್ಕೈದು ಜನ ಶಿಷ್ಯರಿಗೆ ಹೇಳ್ಕೊಡ್ತಿದ್ದ ವಿದ್ಯೆನ ಇತೊಸು ಆಂಕೊ ಅನ್ನೋ ಹಿರಿಯರು 1901ರ ಹೊತ್ತಿಗೆ ಶಾಲೆಗೆ ತಂದ್ರು, ಹಳೇ ಕಟಾಗಳು (ಹೊಡೆತ, ತಡೆಗಳನ್ನ ಒಂದು ಕ್ರಮದಲ್ಲಿ ಒಬ್ರೇ ಮಾಡೋ ಅಭ್ಯಾಸ) ಮಕ್ಕಳಿಗೆ ಕಷ್ಟ ಅಂತ ಪಿನಾನ್ ಅನ್ನೋ ಐದು ಕಟಾ ಕಟ್ಟಿದ್ರು, 1908ರಲ್ಲಿ ಇದ್ರಿಂದ ಏನುಪಯೋಗ ಅಂತ ಹತ್ತು ಅಂಶ ಬರೆದೂ ಇಟ್ರು.

ಎರಡ್ನೇದು, ಈಗಾಗ್ಲೇ ಮರ್ಯಾದೆ ಇರೋರ ಮುಂದೆ ಹೋಗಿ ಮಾಡಿ ತೋರ್ಸಿ. ಫುನಾಕೊಶಿ ಗಿಚಿನ್ ಓಕಿನಾವಾದ ಒಬ್ರು ಸ್ಕೂಲ್ ಮೇಷ್ಟ್ರು, 1922ರಲ್ಲಿ ಟೋಕಿಯೊಗೆ ಡೆಮೊ ಕೊಡೋಕೆ ಬಂದಾಗ ಜೂಡೋ ಸ್ಥಾಪಕ ಕಾನೊ ಜಿಗೊರೊ ಅವ್ರೇ ತಮ್ಮ ಜೂಡೋ ಶಾಲೆ ಕೊಡೊಕಾನ್‌ಗೆ ಕರೆಸ್ಕೊಂಡ್ರು, ಅವ್ರೂ 1882ರಲ್ಲಿ ಒಂದು ದೇವಸ್ಥಾನದಲ್ಲಿ ಬರೀ ಹನ್ನೆರಡು ಚಾಪೆ ಜಾಗದಲ್ಲಿ ಶುರು ಮಾಡಿದೋರೇ ಅಲ್ವಾ, ಹೊಸಬರ ಕಷ್ಟ ಅವ್ರಿಗೆ ಗೊತ್ತಿತ್ತು ಅಂತ ನನಗನ್ಸತ್ತೆ. ಆಮೇಲೆ ಫುನಾಕೊಶಿ ಜೂಡೋದ ಬಿಳಿ ಬಟ್ಟೆ, ಬೆಲ್ಟು, ಡಾನ್ ಅನ್ನೋ ದರ್ಜೆ ಪದ್ಧತಿ ಎಲ್ಲಾ ತಗೊಂಡ್ರು, 1924ರಲ್ಲಿ ಮೊದಲ ಬ್ಲ್ಯಾಕ್ ಬೆಲ್ಟ್ ಕೊಟ್ರು. ಇವತ್ತು ನಮ್ಮ ಬೀದೀಲಿ ಸಂಜೆ ಕ್ಲಾಸಿಗೆ ಹೋಗೋ ಮಕ್ಕಳ ಡ್ರೆಸ್ಸು ಅಲ್ಲಿಂದ್ಲೇ ಬಂದಿದ್ದು. ಬೇರೆಯವ್ರ ಪದ್ಧತಿ ತಗೊಂಡ್ರೆ ನಮ್ಮತನ ಹೋಗತ್ತೆ ಅಂತ ಹೆದರ್ಬೇಡಿ, ನೋಡೋರಿಗೆ ಗುರುತು ಸಿಕ್ಕಿದ್ರೇನೇ ಹತ್ರ ಬರೋದು.

ಆದ್ರೆ ಋಣ ಮಾತ್ರ ಮುಚ್ಚಿಡ್ಬೇಡಿ. ಕರಾಟೆಯ 'ಕರ' ಮೊದ್ಲು ಚೀನಾ ಅನ್ನೋ ಅರ್ಥದ ಅಕ್ಷರದಲ್ಲಿತ್ತು, ಜಪಾನಿಗೆ ಒಪ್ಪಿಗೆ ಆಗ್ಲಿ ಅಂತ 'ಬರಿಗೈ' ಅನ್ನೋ ಅರ್ಥದ ಅಕ್ಷರಕ್ಕೆ ಬದಲಾಯ್ಸಿದ್ರು, 1936ರಲ್ಲಿ ಓಕಿನಾವಾದ ನಾಹಾ ಊರಲ್ಲಿ ಗುರುಗಳೆಲ್ಲ ಸೇರಿ ಅದಕ್ಕೇ ಹೂಂ ಅಂದ್ರು. ನನಗೆ ಇದು ಬೇಜಾರಿನ ವಿಷ್ಯ.

ಹೆಸ್ರು? ಯಾರಾದ್ರೂ ಕೇಳಿದಾಗ ಇಡಿ. ಓಕಿನಾವಾದ ಕರಾಟೆ ಗುರು ಮಿಯಾಗಿ ಚೊಜುನ್ ವರ್ಷಾನುಗಟ್ಟಲೆ ಹೆಸ್ರೇ ಇಲ್ದೆ ಕಲಿಸ್ತಿದ್ರು, ಅವ್ರ ಶಿಷ್ಯ ಟೋಕಿಯೊದಲ್ಲಿ ಡೆಮೊ ಕೊಟ್ಟಾಗ ನಿಮ್ದು ಯಾವ ಸ್ಟೈಲು ಅಂತ ಕೇಳ್ಬಿಟ್ರು, ಪಾಪ ಬಾಯಿಗೆ ಬಂದ ಒಂದು ಹೆಸ್ರು ಹೇಳಿ ಊರಿಗೆ ಬಂದು ಗುರುಗಳಿಗೆ ತಿಳಿಸ್ದ. ಆಗ ಮಿಯಾಗಿ ಆರಿಸ್ಕೊಂಡಿದ್ದು ಗೊಜು, ಅಂದ್ರೆ ಗಟ್ಟಿ ಮತ್ತು ಮೃದು. 1933ರಲ್ಲಿ ಕ್ಯೋಟೊದ ಬುತೊಕುಕಾಯ್ ಅನ್ನೋ ಸಮರಕಲೆಗಳ ಸಂಸ್ಥೆಯಲ್ಲಿ ಅದೇ ಹೆಸ್ರು ನೋಂದಣಿ ಆಯ್ತು. ಆ ಪದ ಅವ್ರಿಗೆ ಸಿಕ್ಕಿದ್ದು ಬುಬಿಶಿ ಅನ್ನೋ ಹಳೇ ಚೀನೀ ಗ್ರಂಥದ ಒಂದು ಸಾಲಲ್ಲಿ.