ಕೃಷ್ಣಾ ಗಡ್ಡಿಯಲ್ಲಿ ಒಂದು ಬಳ್ಳಿ ಹುಡುಕಿದ್ದು

ಸೆರೋಪೀಜಿಯಾ ಬಲ್ಬೋಸಾ ಎಂಬ ಬಳ್ಳಿ ಹೂ ಬಿಡುವುದು ಮಳೆಗಾಲದಲ್ಲಿ. ನಾರಾಯಣಪುರದ ಬಸವಸಾಗರ ಜಲಾಶಯದಿಂದ ನೀರು ಬಿಟ್ಟು, ನಮ್ಮ ಯಾದಗಿರಿ ಕಡೆಯ ಗಡ್ಡಿಗಳಿಗೆ, ಅಂದರೆ ಕೃಷ್ಣಾ ನದಿ ನಡುವಿನ ದ್ವೀಪಗಳಿಗೆ, ದಾರಿ ಬಂದ್ ಆಗುವುದೂ ಆಗಲೇ. ಬೇಸಿಗೆಯಲ್ಲಿ ಬಂಡೆಯಿಂದ ಬಂಡೆಗೆ ಕಾಲಿಟ್ಟು ಆರಾಮಾಗಿ ದಾಟಬಹುದು. ಆದರೆ ಆಗ ಹೋಗಿ ಏನು ನೋಡೋದು? ಬಳ್ಳಿ ಒಣಗಿ ಹೋಗಿರುತ್ತದೆ, ಗಡ್ಡೆ ಮಾತ್ರ ಮಣ್ಣೊಳಗೆ.

ಹಾಗಾಗಿ ನಾನು ಮಹಾರಾಷ್ಟ್ರದ ಮಳೆ ಮೇಲೆ ಕಣ್ಣಿಡುತ್ತೇನೆ. ಅಲ್ಲಿ ಮಳೆ ಬಿಟ್ಟು, ಆಲಮಟ್ಟಿಯ ಹೊರಹರಿವು ಇಳಿದು, ಆಮೇಲೆ ನಾರಾಯಣಪುರದ ಗೇಟುಗಳೂ ಇಳಿದರೆ, ನಡುವೆ ಸ್ವಲ್ಪ ಬಿಡುವು ಸಿಗುತ್ತದೆ. ಕ್ಯೂಸೆಕ್ ಲೆಕ್ಕ ಏನೇ ಇರಲಿ, ಹರಗೋಲು ಹಾಕುವ ಅಂಬಿಗರು ಬೇಡ ಅಂದರೆ ಬೇಡ. ಅವರ ಜೊತೆ ವಾದ ಮಾಡಬಾರದು.

ಎಲ್ಲಿ ಹುಡುಕಬೇಕು ಅಂತ ಹೇಳಿದ್ದು ಆಡು ಕಾಯುವವರು. ಮೊಬೈಲಿನಲ್ಲಿ ಹೂವಿನ ಫೋಟೋ ತೋರಿಸಿದೆ, ಯಾರಿಗೂ ಗುರುತು ಹತ್ತಲಿಲ್ಲ. ಗಡ್ಡೆ ಫೋಟೋ ತೋರಿಸಿದ ಕೂಡಲೇ ಒಬ್ಬ ಅಜ್ಜ, "ಇದಾ? ಸಣ್ಣಾವರಿದ್ದಾಗ ಅಗದು ತಿಂದೀವಲ್ರೀ" ಅಂದ. ಹಿಂದೂ ಮಹಾಸಾಗರದ ರಾಡ್ರಿಗಸ್ ದ್ವೀಪದಲ್ಲೂ ಹೀಗೇ ಆಗಿತ್ತು. ಅಳಿದೇ ಹೋಯಿತು ಅಂದುಕೊಂಡಿದ್ದ ಕೆಫೆ ಮಾರೋನ್ ಗಿಡವನ್ನು 1980ರ ಸುಮಾರಿಗೆ ಕಂಡುಹಿಡಿದದ್ದು ಒಬ್ಬ ಶಾಲಾ ಹುಡುಗ, ಸಸ್ಯಶಾಸ್ತ್ರಜ್ಞರಲ್ಲ. 1986ರಲ್ಲಿ ಅದರ ಕಡ್ಡಿಗಳನ್ನು ಲಂಡನ್ನಿನ ಕ್ಯೂ ಸಸ್ಯೋದ್ಯಾನಕ್ಕೆ ವಿಮಾನದಲ್ಲಿ ಕಳಿಸಿದರು.

ನಮ್ಮ ಬಳ್ಳಿ ಅಷ್ಟೊಂದು ಅಪರೂಪದ್ದೇನಲ್ಲ ಬಿಡಿ. 1795ರಲ್ಲೇ ಸಸ್ಯಶಾಸ್ತ್ರಜ್ಞ ರಾಕ್ಸ್‌ಬರ್ಗ್ ಇದಕ್ಕೆ ಹೆಸರಿಟ್ಟಾಗಿದೆ, ದೇಶದ ಬೇರೆ ಒಣ ಪ್ರದೇಶಗಳಲ್ಲೂ ಇದೆ. ಆದರೆ ಗಡ್ಡೆ ಅಗೆದರೆ ಗಿಡವೇ ಹೋಯಿತಲ್ವಾ, ಜೊತೆಗೆ ಆಡುಗಳ ಬಾಯಿ ಬೇರೆ. ಉಳಿಯುವುದು ಮುಳ್ಳುಕಂಟಿಯೊಳಗೆ ಮಾತ್ರ. ಬಯಲಲ್ಲಿ ಸುಮ್ನೆ ಅಡ್ಡಾಡಿ ಪ್ರಯೋಜನವಿಲ್ಲ. ಕಾರಿ, ಜಾಲಿ ಕಂಟಿಗಳ ಬುಡಕ್ಕೆ ಹೊಟ್ಟೆ ಮೇಲೆ ಮಲಗಿ ನೋಡಬೇಕು. ಎಲೆ ನಂಬಬೇಡಿ, ಒಂದು ಬಳ್ಳಿಯಲ್ಲಿ ದುಂಡಗಿದ್ದರೆ ಇನ್ನೊಂದರಲ್ಲಿ ಹುಲ್ಲಿನ ಹಾಗೆ ಸಣ್ಣಗೆ ಉದ್ದಕ್ಕಿರುತ್ತದೆ. ಹೂವೇ ಗುರುತು.

ಸಿಕ್ಕ ಹೂ ಒಂದು ಇಂಚೂ ಇರಲಿಲ್ಲ. ಬುಡ ಉಬ್ಬಿದೆ, ಮೇಲೆ ಸಣ್ಣ ಕೊಳವೆ, ತುದಿಯಲ್ಲಿ ಐದು ಎಸಳು ಒಂದಕ್ಕೊಂದು ಅಂಟಿ ಪಂಜರದ ಹಾಗೆ. ಬ್ಲೇಡಿನಿಂದ ಸೀಳಿ ಲೆನ್ಸ್ ಹಿಡಿದರೆ, ಕೊಳವೆಯೊಳಗಿನ ಕೂದಲೆಲ್ಲ ಕೆಳಮುಖ. ಒಳಗೆ ಇಳಿದ ನೊಣ ಮೇಲೆ ಹತ್ತಲಾರದು. ಹೂ ಬಾಡಿ ಕೂದಲು ಸೋತ ಮೇಲೆ ಪರಾಗದ ಗಂಟು ಹೊತ್ತು ಹೊರಬರುತ್ತದೆ. ನಾನು ಸೀಳಿದ್ದರಲ್ಲಿ ಒಂದು ನೊಣ ಇನ್ನೂ ಓಡಾಡುತ್ತಿತ್ತು.

ಒಂದು ಮಾತು: ಈ ಹೂವನ್ನು ಪೇಪರಿನಲ್ಲಿ ಒತ್ತಿದರೆ ಆಕಾರವೇ ಉಳಿಯಲ್ಲ. ಒಂದೆರಡು ಹೂ ಸ್ಪಿರಿಟ್ ಬಾಟಲಿಗೆ ಹಾಕಿ, ಒಂದು ಕುಡಿಯನ್ನು ಮಾತ್ರ ಒತ್ತಿ, ಗಡ್ಡೆ ಮುಟ್ಟಬೇಡಿ. ಗಡ್ಡಿಯ ಹೆಸರು ಕೇಳಬೇಡಿ, ಹೇಳಲ್ಲ.