ನಿಮ್ಮ ಲ್ಯಾಪ್‌ಟಾಪ್‌ನಲ್ಲೇ ಫೈರ್‌ಫಾಕ್ಸ್ ಕಂಪೈಲ್ ಮಾಡಿ

ಬೆಳಗಾವಿಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಶುರುವಾದ 1998ರಲ್ಲೇ, ಮಾರ್ಚ್ 31ರಂದು, ನೆಟ್‌ಸ್ಕೇಪ್ ಕಂಪನಿ ತನ್ನ ಬ್ರೌಸರಿನ ಸೋರ್ಸ್ ಕೋಡನ್ನು (ಪ್ರೋಗ್ರಾಮರ್‌ಗಳು ಬರೆದ ಮೂಲ ಸಾಲುಗಳನ್ನು) ಎಲ್ಲರಿಗೂ ತೆರೆದಿಟ್ಟಿತು. ಫೈರ್‌ಫಾಕ್ಸ್ ಹುಟ್ಟಿದ್ದು ಆ ಕೋಡಿನ ಬುನಾದಿಯ ಮೇಲೆ. ಅದನ್ನು ಯಾರು ಬೇಕಾದರೂ ಇಳಿಸಿಕೊಂಡು, ತಿದ್ದಿ, ಕಂಪೈಲ್ ಮಾಡಬಹುದು, ಅಂದರೆ ಓಡುವ ಪ್ರೋಗ್ರಾಂ ಆಗಿ ಬದಲಿಸಬಹುದು. ದೊಡ್ಡ ಮಷೀನ್ ಬೇಕೆಂದುಕೊಂಡು ಬಾಗಲಕೋಟೆ, ವಿಜಯಪುರದ ಕಾಲೇಜು ಹುಡುಗರು ಹಿಂಜರಿಯಬೇಕಿಲ್ಲ. 8 ಜಿಬಿ ರ‍್ಯಾಮ್, 30 ಜಿಬಿಗಿಂತ ಹೆಚ್ಚು ಖಾಲಿ ಜಾಗ, 64 ಬಿಟ್ ಉಬುಂಟು (ಲಿನಕ್ಸ್ ಆಧರಿಸಿದ ಆಪರೇಟಿಂಗ್ ಸಿಸ್ಟಂ) ಇದ್ದರೆ ಕೆಲಸ ಆಗುತ್ತದೆ. ಸೆಟ್ಟಿಂಗ್ ಮಾತ್ರ ಮಷೀನಿಗೆ ಹೊಂದುವಂತಿರಬೇಕು.

ಮೊದಲು ಒಂದು ತೀರ್ಮಾನ ಮಾಡಿಕೊಳ್ಳಿ: ಏನನ್ನು ಬದಲಿಸಲು ಹೊರಟಿದ್ದೀರಿ? ಮೆನು, ಬಟನ್, ಬಣ್ಣ ಇವೆಲ್ಲ ಜಾವಾಸ್ಕ್ರಿಪ್ಟ್ ಮತ್ತು ಸಿಎಸ್ಎಸ್‌ನಲ್ಲಿವೆ. ಅಷ್ಟೇ ಸಾಕೆಂದರೆ 'ಆರ್ಟಿಫ್ಯಾಕ್ಟ್' ವಿಧಾನ ಆರಿಸಿ. ಸಿ ಪ್ಲಸ್ ಪ್ಲಸ್ ಮತ್ತು ರಸ್ಟ್ ಭಾಷೆಯ ಭಾರದ ಭಾಗಗಳು ಫೈರ್‌ಫಾಕ್ಸ್ ರೂಪಿಸುವ ಮೊಜಿಲ್ಲಾದಿಂದ ಸಿದ್ಧವಾಗಿಯೇ ಇಳಿಯುತ್ತವೆ, ಬಿಲ್ಡ್ (ಬ್ರೌಸರ್ ಕಟ್ಟುವ ಕೆಲಸ) ನಿಮಿಷಗಳಲ್ಲಿ ಮುಗಿಯುತ್ತದೆ. ಬ್ರೌಸರಿನ ಒಳಯಂತ್ರಕ್ಕೇ ಕೈಹಾಕುವುದಾದರೆ ಪೂರ್ತಿ ಕಂಪೈಲ್ ಬೇಕು. ಸಾಧಾರಣ ಲ್ಯಾಪ್‌ಟಾಪ್‌ಗೆ ಅದು ಹಲವು ತಾಸಿನ ಕೆಲಸ. ಹೊಸಬರು ಆರ್ಟಿಫ್ಯಾಕ್ಟ್‌ನಿಂದಲೇ ಶುರು ಮಾಡುವುದು ಒಳ್ಳೆಯದು.

ಕೋಡ್ ಇರುವುದು ಗಿಟ್‌ಹಬ್ ಎಂಬ ಕೋಡ್ ಹಂಚುವ ಜಾಲತಾಣದಲ್ಲಿ. ಅದನ್ನು ಇಳಿಸುವ ಕಮಾಂಡ್ 'ಗಿಟ್ ಕ್ಲೋನ್'. ಅದರ ನಡುವೆ ನೆಟ್ ಕಡಿದುಹೋದರೆ ನಿಂತಲ್ಲಿಂದ ಮುಂದುವರಿಯುವುದಿಲ್ಲ, ಮತ್ತೆ ಮೊದಲಿನಿಂದ ಇಳಿಸಬೇಕು. ಈವರೆಗಿನ ಬದಲಾವಣೆಗಳ ಇಡೀ ಇತಿಹಾಸ ಹಲವು ಜಿಬಿ ತೂಗುತ್ತದೆ. ಆದ್ದರಿಂದ ಕರೆಂಟ್ ಹೋಗಿ ಬರುವ ಊರಲ್ಲಿ, ಮೊಬೈಲ್ ಹಾಟ್‌ಸ್ಪಾಟ್ ನಂಬಿದವರು ಪೂರ್ತಿ ಕಂಪೈಲ್‌ಗೆ 'ಡೆಪ್ತ್ 1' (--depth 1) ಸೇರಿಸಿ ಇತ್ತೀಚಿನ ಪ್ರತಿಯನ್ನಷ್ಟೇ ತರಬಹುದು. ಆರ್ಟಿಫ್ಯಾಕ್ಟ್ ವಿಧಾನಕ್ಕೆ ಈ ಉಪಾಯ ಹೊಂದುವುದಿಲ್ಲ. ನಿಮ್ಮ ಕೋಡಿಗೆ ಹೊಂದುವ ಸಿದ್ಧ ಭಾಗಗಳನ್ನು ಅದು ಗಿಟ್ ಇತಿಹಾಸ ನೋಡಿಯೇ ಹುಡುಕುತ್ತದೆ. ಆರ್ಟಿಫ್ಯಾಕ್ಟ್ ಆರಿಸಿದವರು ಕಾಲೇಜಿನ ನೆಟ್‌ನಲ್ಲಿ ಒಮ್ಮೆ ಪೂರ್ತಿ ಇಳಿಸಿಕೊಂಡು, ಫೋಲ್ಡರನ್ನು ಪೆನ್‌ಡ್ರೈವ್‌ನಲ್ಲಿ ಗೆಳೆಯರಿಗೆ ಹಂಚಿದರೆ ಎಲ್ಲರಿಗೂ ಡೇಟಾ ಉಳಿಯುತ್ತದೆ.

ಫೋಲ್ಡರಿನೊಳಗೆ ಹೋಗಿ 'ಮ್ಯಾಕ್ ಬೂಟ್‌ಸ್ಟ್ರ್ಯಾಪ್' (./mach bootstrap) ಕಮಾಂಡ್ ಕೊಡಿ. ಮ್ಯಾಕ್ ಎಂದರೆ ಮೊಜಿಲ್ಲಾದ ಬಿಲ್ಡ್ ಸಲಕರಣೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಸಣ್ಣಕ್ಷರ, ಮುಂದೆ ಒಂದು ಡಾಟ್, ಒಂದು ಸ್ಲ್ಯಾಶ್ ಇರಲಿ. ಯಾವ ವಿಧಾನ ಬೇಕೆಂದು ಅದು ಕೇಳುತ್ತದೆ, ಬೇಕಾದ ಕಂಪೈಲರ್‌ಗಳನ್ನೂ ತಾನೇ ತರುತ್ತದೆ.

ಈಗ ಕಾನ್ಫಿಗರೇಷನ್. ಸೋರ್ಸ್ ಫೋಲ್ಡರಿನಲ್ಲಿ 'ಮೊಜ್‌ಕಾನ್ಫಿಗ್' (mozconfig) ಎಂಬ ಸಾದಾ ಟೆಕ್ಸ್ಟ್ ಫೈಲ್ ಮಾಡಿ. 'ಎಸಿ ಆ್ಯಡ್ ಆಪ್ಷನ್ಸ್' ಎಂದು ಶುರುವಾಗುವ ಒಂದೊಂದು ಸಾಲೂ ಒಂದು ಸೆಟ್ಟಿಂಗ್. ಈ ಮೂರು ಪದಗಳ ನಡುವೆ ಅಂಡರ್‌ಸ್ಕೋರ್ ಇರಬೇಕು (ac_add_options), ನಂತರ ಬರುವ ಆಯ್ಕೆಯ ಹೆಸರಿನ ಮುಂದೆ ಎರಡು ಹೈಫನ್, ಅದರ ಪದಗಳ ನಡುವೆ ಒಂದೊಂದು ಹೈಫನ್. ಆರ್ಟಿಫ್ಯಾಕ್ಟ್ ಬೇಕಾದವರಿಗೆ 'ಎನೇಬಲ್ ಆರ್ಟಿಫ್ಯಾಕ್ಟ್ ಬಿಲ್ಡ್ಸ್' ಒಂದೇ ಸಾಕು. ಪೂರ್ತಿ ಕಂಪೈಲ್ ಮಾಡುವವರು 'ಡಿಸೇಬಲ್ ಡಿಬಗ್ ಸಿಂಬಲ್ಸ್' ಮರೆಯದೆ ಹಾಕಿ; ತಪ್ಪು ಹುಡುಕಲು ಬೇಕಾದ ಹೆಚ್ಚುವರಿ ಮಾಹಿತಿಯನ್ನು ಅದು ಬಿಡುತ್ತದೆ. ಡಿಸ್ಕಿನ ಜಾಗವೂ ಉಳಿಯುತ್ತದೆ, ಭಾಗಗಳನ್ನೆಲ್ಲ ಒಂದುಗೂಡಿಸುವ ಕೊನೆಯ ಲಿಂಕಿಂಗ್ ಹಂತದಲ್ಲಿ ರ‍್ಯಾಮ್ ಮೇಲಿನ ಒತ್ತಡವೂ ಇಳಿಯುತ್ತದೆ.

ನಂತರ 'ಮ್ಯಾಕ್ ಬಿಲ್ಡ್'. ಸುಮ್ಮನೆ ಬಿಟ್ಟರೆ ಸಾಮಾನ್ಯವಾಗಿ ಎಲ್ಲ ಕೋರ್‌ಗಳೂ ಒಟ್ಟಿಗೆ ದುಡಿಯುತ್ತವೆ, ಒಂದೊಂದು ಕಂಪೈಲರೂ ತನ್ನ ಪಾಲಿನ ರ‍್ಯಾಮ್ ಕೇಳುತ್ತದೆ. ಬಿಲ್ಡ್ ನಿಂತು ಪರದೆಯಲ್ಲಿ 'ಕಿಲ್ಡ್' ಎಂದು ಬಂದರೆ ಸಾಮಾನ್ಯವಾಗಿ ರ‍್ಯಾಮ್ ಸಾಲದೆ ಲಿನಕ್ಸ್ ಆ ಕೆಲಸವನ್ನು ಕೊಂದಿದೆ ಎಂದೇ ಅರ್ಥ. ಕಮಾಂಡಿನ ಕೊನೆಗೆ ಹೈಫನ್, ಜೆ, 2 (-j2) ಎಂದು ಸೇರಿಸಿ, ಸ್ವಾಪ್ ಜಾಗ (ಡಿಸ್ಕಿನಲ್ಲಿ ರ‍್ಯಾಮ್‌ನಂತೆ ಬಳಸುವ ಭಾಗ) ಹೆಚ್ಚಿಸಿ. ಬಿಸಿಲು 40 ಡಿಗ್ರಿ ಮುಟ್ಟುವ ವಿಜಯಪುರದ ಬೇಸಿಗೆಯಲ್ಲಿ ಪೂರ್ತಿ ಕಂಪೈಲನ್ನು ರಾತ್ರಿಗೆ ಇಟ್ಟುಕೊಳ್ಳಿ. ಕಾದ ಪ್ರೊಸೆಸರ್ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ನಡುವೆ ಕರೆಂಟ್ ಹೋಗಿ ಮಷೀನ್ ಆಫ್ ಆದರೂ ಗಾಬರಿ ಬೇಡ, ಅದೇ ಕಮಾಂಡ್ ಮತ್ತೆ ಕೊಟ್ಟರೆ ಆಗಲೇ ಕಂಪೈಲ್ ಆದ ಫೈಲುಗಳನ್ನು ಬಿಟ್ಟು ಉಳಿದದ್ದನ್ನು ಮುಂದುವರಿಸುತ್ತದೆ. ವಿಚಿತ್ರ ಎರರ್ ಬಿಡದೆ ಕಾಡಿದರೆ ಮಾತ್ರ 'ಮ್ಯಾಕ್ ಕ್ಲಾಬರ್' ಕೊಟ್ಟು ಹಳೆಯದನ್ನೆಲ್ಲ ಅಳಿಸಿ.

'ಮ್ಯಾಕ್ ರನ್' ಎಂದರೆ ನೀವು ಕಟ್ಟಿದ ಬ್ರೌಸರ್ ತೆರೆಯುತ್ತದೆ. ಅದಕ್ಕೆ ಬೇರೆಯೇ ಪ್ರೊಫೈಲ್ ಇರುವುದರಿಂದ ದಿನನಿತ್ಯದ ಫೈರ್‌ಫಾಕ್ಸಿನ ಬುಕ್‌ಮಾರ್ಕ್, ಪಾಸ್‌ವರ್ಡ್ ಕದಲುವುದಿಲ್ಲ. ಸಿಎಸ್ಎಸ್ ಫೈಲಿನಲ್ಲಿ ಒಂದು ಬಣ್ಣ ಬದಲಿಸಿ, 'ಮ್ಯಾಕ್ ಬಿಲ್ಡ್ ಫಾಸ್ಟರ್' ಕೊಟ್ಟು ಮತ್ತೆ ತೆರೆದು ನೋಡಿ.

ಕನ್ನಡಿಗರಿಗೆ ಇದರಲ್ಲಿ ನೋಡಲೇಬೇಕಾದ ಜಾಗ 'ಜಿಎಫ್ಎಕ್ಸ್' ಫೋಲ್ಡರಿನ ಒಳಗಿನ 'ಹಾರ್ಫ್‌ಬಜ್'. ಒತ್ತಕ್ಷರಗಳನ್ನು ಜೋಡಿಸುವ ಕೆಲಸ ಅದರದು. 'ಕರ್ನಾಟಕ' ಎಂದು ಟೈಪಿಸುವಾಗ ರಕಾರ ನಕಾರಕ್ಕಿಂತ ಮೊದಲು ಬರುತ್ತದೆ, ಪರದೆಯಲ್ಲಿ ಮಾತ್ರ ಅರ್ಕಾವತ್ತಾಗಿ ಅದರ ಬಲಕ್ಕೆ ಕೂರುತ್ತದೆ. ಆ ಸ್ಥಾನಪಲ್ಲಟದ ನಿಯಮಗಳು ಭಾರತೀಯ ಲಿಪಿಗಳಿಗೆಂದೇ ಬರೆದ ಸಿ ಪ್ಲಸ್ ಪ್ಲಸ್ ಫೈಲಿನಲ್ಲಿವೆ. ಅದನ್ನು ಓದಿ, ಒಂದು ಸಾಲು ಬದಲಿಸಿ, 'ಮ್ಯಾಕ್ ಬಿಲ್ಡ್ ಬೈನರೀಸ್' ಕೊಟ್ಟರೆ ನಮ್ಮ ಅಕ್ಷರ ಹೇಗೆ ಮೂಡುತ್ತದೆಂಬುದು ಕಣ್ಣೆದುರೇ ತಿಳಿಯುತ್ತದೆ. ಪೂರ್ತಿ ಕಂಪೈಲ್‌ಗೆ ಪಟ್ಟ ಶ್ರಮಕ್ಕೆ ಇಷ್ಟೊಂದೇ ಸಾಕಷ್ಟು ಪ್ರತಿಫಲ ಎಂಬುದು ನನ್ನ ಅಭಿಪ್ರಾಯ.

'ಮ್ಯಾಕ್ ಪ್ಯಾಕೇಜ್' ಕೊಟ್ಟು ನಿಮ್ಮ ಬ್ರೌಸರನ್ನು ಗೆಳೆಯರಿಗೂ ಕೊಡಬಹುದು, ಮೊಜಿಲ್ಲಾ ಪಬ್ಲಿಕ್ ಲೈಸೆನ್ಸ್ 2.0 ಅದಕ್ಕೆ ಅವಕಾಶ ಕೊಡುತ್ತದೆ. ನೀವು ತಿದ್ದಿದ ಫೈಲುಗಳ ಸೋರ್ಸ್ ಅವರಿಗೂ ಸಿಗುವಂತಿರಬೇಕು. ಫೈರ್‌ಫಾಕ್ಸ್ ಎಂಬ ಹೆಸರು, ಲೋಗೊ ಮೊಜಿಲ್ಲಾದ ಟ್ರೇಡ್‌ಮಾರ್ಕ್. ತಿದ್ದಿದ ಬ್ರೌಸರನ್ನು ಹಂಚುವಾಗ ಬೇರೆ ಹೆಸರಿಡಿ.